ಗೌಡ್ತಿಕೆರೆಯಲ್ಲಿ ಸತ್ತವರ ಸೀರೆ ಎತ್ತುವ ಶಿವರತ್ನಮ್ಮ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕೊಳ್ಳೇಗಾಲದ ಮಗ್ಗುಲಿನ ಗೌಡ್ತಿಕೆರೆಯಲ್ಲಿ, ದಡದಿಂದ ತುಸು ದೂರ, ಯಾರೋ ಹೆಂಗಸು ಸೊಂಟಮಟ್ಟ ಮುಳುಗಿ ನಿಂತ ಹಾಗಿದೆ. ಕೆಂಪು ಸೀರೆ, ಉಬ್ಬಿದ ಬೆನ್ನು. ಗಾಳಿ ಬೀಸಿದರೆ ಆಕೆ ಮೆಲ್ಲಗೆ ಇತ್ತ ತಿರುಗುತ್ತಾಳೆ. ತಿರುಗಿದರೆ ಮುಖವೇ ಇಲ್ಲ! ಹೊಸಬರಾದರೆ ಅಲ್ಲಿಂದಲೇ ಓಟ ಕೀಳಬೇಕು. ಶಿವರತ್ನಮ್ಮ ಮಾತ್ರ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೊಣಕಾಲುಮಟ್ಟ ನೀರಿಗಿಳಿದು, ಉದ್ದನೆಯ ಬಿದಿರುಗಳುವಿನ ಕೊಕ್ಕೆಯನ್ನು ಮುಂದಕ್ಕೆ ಚಾಚುತ್ತಾರೆ.

"ಬಾರವ್ವ ಚಿಕ್ಕನಿಂಗಮ್ಮ, ನೆಂದಿದ್ದು ಸಾಕು, ಮ್ಯಾಕ್ ಬಾ" ಎಂದು ಕರೆಯುತ್ತಾರೆ. ಗಾಳಿ ತುಂಬಿದ ಸೀರೆ ಉಸ್ಸೆಂದು ಕುಸಿದು ಕೊಕ್ಕೆಯ ಹಿಂದೆ ದಡಕ್ಕೆ ಬರುತ್ತದೆ.

ಚಿಕ್ಕನಿಂಗಮ್ಮ ಮೊನ್ನೆಯಷ್ಟೇ ಸತ್ತ ಮುದುಕಿ. ಯಾರಾದರೂ ಸತ್ತರೆ ಅವರ ಹಾಸಿಗೆ, ದಿಂಬು, ಉಟ್ಟ ಬಟ್ಟೆಯನ್ನೆಲ್ಲ ತಂದು ಕೆರೆಗೆ ಹಾಕುವ ಮನೆಗಳು ಇಲ್ಲಿ ಇನ್ನೂ ಇವೆ. ಹಾಕಿದವರು ಹಿಂತಿರುಗಿ ನೋಡದೆ ಹೋಗುತ್ತಾರೆ. ಹಾಸಿಗೆಯ ಹತ್ತಿ ನೆಂದು ತಳ ಸೇರುತ್ತದೆ, ತೂಬಿನ ಬಾಯಿಗೆ ಕಟ್ಟಿಕೊಳ್ಳುತ್ತದೆ, ನೀರು ನಿಂತಲ್ಲೇ ಕೊಳೆಯುತ್ತದೆ. ಆರು ವರ್ಷದ ಹಿಂದೆ ಒಂದು ಬೇಸಿಗೆಯಲ್ಲಿ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲಿದಾಗ ಹುಟ್ಟಿಕೊಂಡದ್ದೇ ಗೌಡ್ತಿಕೆರೆ ಬಳಗ. ಹನ್ನೆರಡು ಮಂದಿ, ಸಂಬಳವಿಲ್ಲ, ಸನ್ಮಾನವೂ ಇಲ್ಲ. ಅಂತರಗಂಗೆ ಕಳೆ ಕೀಳುತ್ತಾರೆ, ಪ್ಲಾಸ್ಟಿಕ್ ಆಯುತ್ತಾರೆ, ಗಬ್ಬು ನಾರುವ ಹೂಳಿಗೂ ಇಳಿಯುತ್ತಾರೆ. ಸತ್ತವರ ಬಟ್ಟೆ ಅಂದರೆ ಮಾತ್ರ ಎಲ್ಲರ ಕೈಯೂ ಬೆನ್ನ ಹಿಂದೆ. ಮುಟ್ಟಿದವರ ಮನೆಗೆ ಸತ್ತವರು ಬೆನ್ನುಹತ್ತಿ ಬರುತ್ತಾರಂತೆ. ಮಾಟದ ಭಯಕ್ಕೆ ಕೊಳ್ಳೇಗಾಲದ ಹೆಸರು ಕೇಳಿದರೇ ಬೆವರುವವರಿದ್ದಾರೆ, ಇನ್ನು ಇಲ್ಲೇ ಹುಟ್ಟಿ ಬೆಳೆದವರ ಪಾಡು ಕೇಳಬೇಕೆ!

ತೆಪ್ಪ ನಡೆಸುವ ಮಾದೇಶ್ ಬಳಗದಲ್ಲೇ ಗಟ್ಟಿಗ. ನೀರುಹಾವನ್ನು ಬರಿಗೈಯಲ್ಲಿ ಎತ್ತಿ ಎಸೆಯುವ ಆಸಾಮಿ. "ಆವು ಬೇಕಾದ್ರೆ ಇಡೀತೀನಿ ಸಾ, ಆ ದಿಂಬು ಮಾತ್ರ ಮುಟ್ಟಕ್ಕಿಲ್ಲ. ತಲೆ ಮಡಗಿದ್ದ ಗುಂಡಿ ಅಂಗೇ ಇರ್ತದೆ" ಎನ್ನುತ್ತಾನೆ.

ಐವತ್ತು ದಾಟಿದ ಶಿವರತ್ನಮ್ಮನವರದು ಮಧುವನಹಳ್ಳಿ ರಸ್ತೆಯಲ್ಲಿ ಒಂದು ಪುಟ್ಟ ಹೊಲಿಗೆ ಅಂಗಡಿ. ಗಂಡ ತೀರಿಕೊಂಡ ಮೇಲೆ ಮಿಷನ್ನೇ ಗತಿ. ದಿನಕ್ಕೆ ನಾಲ್ಕೈದು ರವಿಕೆ, ಹಬ್ಬದ ಕಾಲದಲ್ಲಿ ಹತ್ತರವರೆಗೂ ಹೊಲಿಯುತ್ತಾರೆ. ಸುತ್ತಲ ಊರುಗಳ ಹೆಂಗಸರ ರವಿಕೆಗಳು ಬಹುಪಾಲು ಅವರ ಕೈಯಿಂದಲೇ ಆದವು. ಹಾಗಾಗಿ ನೀರಿನಿಂದ ಬಂದದ್ದು ಯಾರ ಬಟ್ಟೆಯೆಂದು ನೋಡಿದೊಡನೆ ತಿಳಿಯುತ್ತದೆ.

"ನಾನೇ ಒಲ್ದಿರೋದು, ನಾನೇ ಎತ್ತದೆ ಇದ್ರೆ ಎಂಗೆ ಸಾ? ಬದ್ಕಿದ್ದಾಗ ಮುಂದೆ ನಿಂತ್ಕಂಡು ಅಳತೆ ಕೊಟ್ಟೋರು. ಎಸ್ರಿಡಿದು ಕರುದ್ರೆ ಒಂದ್ ಮರ್ಯಾದೆ ಅಲ್ವಾ?" ಎನ್ನುತ್ತಾ ಅವರು ಒದ್ದೆ ಸೀರೆಯನ್ನು ಹಿಂಡಿ, ಮಡಿಸಿ, ಕೆರೆ ಏರಿಯ ಆಚೆಯ ಗುಂಡಿಯಲ್ಲಿ ಹೂಳುತ್ತಾರೆ.

ಹೆದರಿಕೆ ಆಗುವುದಿಲ್ಲವೇ? "ಆಯ್ತದೆ ಸಾ, ಸುಳ್ಳ್ಯಾಕೆ ಏಳ್ಲಿ. ಒಂದೊಂದ್ ದಿನ ನಾನ್ ಕರಿಯಕ್ ಮುಂಚೇನೇ ಸೀರೆ ಬತ್ತದೆ. ಗಾಳಿ ಇರಕ್ಕಿಲ್ಲ, ಅಲೆ ಇರಕ್ಕಿಲ್ಲ, ಅದ್ರ ಪಾಡ್ಗೆ ಅದು ಬತ್ತದೆ. ಅವತ್ತು ಕಣ್ಮುಚ್ಕಂಡು ಎಳೀತೀನಿ."

ಆದರೆ ಅವರು ನಿಜಕ್ಕೂ ನಡುಗಿದ್ದು ಕಳೆದ ಕಾರ್ತಿಕದ ಒಂದು ಬೆಳಗ್ಗೆ. ಕೆರೆ ತುಂಬ ಮಂಜು. ಕೊಕ್ಕೆಗೆ ಒಂದು ರೇಷ್ಮೆ ಸೀರೆ ಸಿಕ್ಕಿತು, ಅದರೊಳಗೆ ಸುತ್ತಿಕೊಂಡ ಗಿಳಿಹಸಿರು ರವಿಕೆ. ಅಭ್ಯಾಸಬಲ, ನಾಲಿಗೆ ಬುದ್ಧಿಗಿಂತ ಮುಂದೆ ಓಡಿತು. "ಬಾರವ್ವ ಕೋಮಲ, ನೆಂದಿದ್ದು ಸಾಕು, ಮ್ಯಾಕ್ ಬಾ."

ಕರೆದ ಮೇಲೆ ಹೊಳೆಯಿತು. ಕೋಮಲ ಸತ್ತಿಲ್ಲವಲ್ಲ! ಇಪ್ಪತ್ತರ ಹುಡುಗಿ, ವೃಷಭೇಂದ್ರಪ್ಪನವರ ಮಗಳು. ಆಯುಧಪೂಜೆಗೆ ಅದೇ ರವಿಕೆ ಹೊಲಿಸಿಕೊಂಡು ಕಿಲಕಿಲ ನಗುತ್ತ ಹೋಗಿದ್ದಳು. ಸಾವಿನ ಸುದ್ದಿ ಯಾರ ಕಿವಿಗೂ ಬಿದ್ದಿರಲಿಲ್ಲ.

"ಬದ್ಕಿರೋ ಮಗೀನ ಸತ್ತೋರ್ನ ಕರಿಯಂಗೆ ಕರುದ್ಬುಟ್ನಲ್ಲ ಸಾ. ಕರುದ್ರೆ ಬರ್ದೆ ಇದ್ದಾರಾ?" ಎನ್ನುತ್ತಾರೆ.

ಅವತ್ತು ಬಳಗದ ಬೇರೆ ಕೆಲಸವೆಲ್ಲ ನಿಂತಿತು. ಮಾದೇಶ್ ಮಧ್ಯಾಹ್ನದವರೆಗೆ ತೆಪ್ಪದಲ್ಲಿ ಕೂತು ಗಳುವಿನಿಂದ ತಳ ತಡಕಿದ. ಗಳು ಮೆತ್ತಗೆ ಯಾವುದಕ್ಕೋ ತಾಗಿದಾಗಲೆಲ್ಲ ದಡದಲ್ಲಿದ್ದವರು ನೀರಂಚಿಗೆ ಬಂದು ಇಣುಕಿದರು. ಮೇಲೆ ಬಂದವು ಹಳೆಯ ಹಾಸಿಗೆಗಳು. ಹುಡುಗಿ ಸಿಗಲಿಲ್ಲ. ಶಿವರತ್ನಮ್ಮ ಒದ್ದೆ ಸೀರೆಯಲ್ಲೇ ವೃಷಭೇಂದ್ರಪ್ಪನವರ ಮನೆಗೆ ಹೋದರು.

ಮನೆಯಲ್ಲಿ ಊಟದ ಪಂಕ್ತಿ ಕೂತಿತ್ತು. ಗೋಡೆಗೆ ಒರಗಿಸಿದ ಕೋಮಲಳ ಫೋಟೋಗೆ ಸೇವಂತಿಗೆ ಹಾರ, ಮುಂದೆ ದೀಪ. ಫೋಟೋದಲ್ಲೂ ಹುಡುಗಿ ನಗುತ್ತಿದ್ದಳು. ವೃಷಭೇಂದ್ರಪ್ಪ ಕಣ್ಣೆತ್ತದೆ ಹೇಳಿದರು, "ಮಗಳ ತಿಥಿ. ಬಂದಿದ್ದೀರ, ಉಂಡ್ಕಂಡು ಓಗಿ."

"ಎಲ್ಲಿ ಮಣ್ಣು ಮಾಡುದ್ರಿ ಅಣ್ಣ?" ಎಂದು ಶಿವರತ್ನಮ್ಮ ಕೇಳಿದರು.

ಉಣ್ಣುತ್ತಿದ್ದ ಕೈಗಳೆಲ್ಲ ಎಲೆಯ ಮೇಲೆ ನಿಂತುಬಿಟ್ಟವು. ಹಿತ್ತಲಲ್ಲಿ ತಾಯಿ ನಾಗಶ್ರೀ ಕೈಗೆ ನೀರು ಹಾಕುತ್ತ ಪಿಸುಗುಟ್ಟಿದರು, "ಬೇರೆ ಜಾತಿ ಹುಡುಗನ ಜೊತೆ ಓಡೋದ್ಳು ಕಣಕ್ಕ. ನಮ್ ಪಾಲ್ಗೆ ಸತ್ಲು ಅಂದ್ಬುಟ್ರು."

"ಉಸ್ರಾದ್ರೂ ಅದ್ಯಾ?"

"ಗೊತ್ತಿಲ್ಲ" ಎಂದು ಆ ತಾಯಿ ಚೊಂಬನ್ನು ಕಲ್ಲಿನ ಮೇಲೆ ಇಟ್ಟು ಒಳಗೆ ಹೋದರು.

ಬಳಗದವರು ಠಾಣೆಗೂ ಹೋಗಿ ಹೇಳಿಬಂದರು. ವಿಚಾರಿಸುತ್ತೇವೆ ಎಂಬ ಉತ್ತರ ಬಂತು. ಹುಡುಗಿಯ ಫೋನು ಸ್ವಿಚ್ ಆಫ್. ಶಿವರತ್ನಮ್ಮ ಆ ಬಟ್ಟೆಯನ್ನು ಮಾತ್ರ ಗುಂಡಿಗೆ ಹಾಕಲಿಲ್ಲ. ಒಗೆದು, ಇಸ್ತ್ರಿ ಮಾಡಿ, ರವಿಕೆಯನ್ನು ಅಂಗಡಿಯ ಬಾಗಿಲಿಗೇ ತೂಗುಹಾಕಿದರು. ಶುರುವಾಯಿತು ನೋಡಿ ಗುಸುಗುಸು. ಫ್ಯಾನ್ ಆಫ್ ಆಗಿದ್ದರೂ ಅದು ಆಡುತ್ತದೆ, ತೋಳು ಯಾವಾಗಲೂ ತೇವವಾಗಿರುತ್ತದೆ ಎಂದು ಹೆಂಗಸರು ಅಂಗಡಿ ಮೆಟ್ಟಿಲು ತುಳಿಯುವುದನ್ನೇ ಬಿಟ್ಟರು. ತೋಳು ತೇವ ಇದ್ದದ್ದು ನಿಜವೇ? "ಇತ್ತು ಸಾ. ಮಳೆ ಇಲ್ದಿದ್ರೂ ಇತ್ತು. ದಿನಾ ಬೆಳಿಗ್ಗೆ ಇಸ್ತ್ರಿ ಆಕ್ತಿದ್ದೆ" ಎನ್ನುತ್ತಾರೆ.

ತೆಗೆದು ಹೂಳು ಎಂದು ಬಳಗದವರೂ ಹೇಳಿದರು. "ಊಳಿದ್ರೆ ಅವ್ಳು ಸತ್ಲು ಅಂತ ನಾನೂ ಒಪ್ಕಂಡಂಗಾಯ್ತದೆ. ಅಪ್ಪ ಒಪ್ಕಳ್ಳಿ, ಊರು ಒಪ್ಕಳ್ಳಿ. ಅಳತೆ ತಕಂಡೋಳು ನಾನು, ನಾನ್ ಒಪ್ಪಕ್ಕಿಲ್ಲ." ಎಂಥ ಹಟಮಾರಿ ಹೆಂಗಸಪ್ಪ!

ಶಿವರಾತ್ರಿ ಕಳೆದ ಮೇಲೆ ಒಂದು ಬೆಳಗ್ಗೆ ಏರಿಯ ಮೇಲೆ, ಮಂಜಿನೊಳಗೆ, ಒಂದು ಆಕೃತಿ ನಿಂತಿತ್ತು. ಮೊದಲು ಕಂಡವನು ಮಾದೇಶ್. ಗಟ್ಟಿಗ ಕಿಟಾರನೆ ಕಿರುಚಿ ತೆಪ್ಪದಿಂದ ಧುಮುಕಿ ಆಚೆ ದಡಕ್ಕೆ ಈಜಿದ. ಶಿವರತ್ನಮ್ಮನವರ ಕಾಲುಗಳು ಕೆಸರಲ್ಲಿ ಹೂತವು. ತಾನೇ ಕರೆದದ್ದು, ಬಂದಿದ್ದಾಳೆ.

"ಅಕ್ಕ, ನನ್ ರವಿಕೆ ಬಾಗ್ಲಿಗೆ ತೂಗಾಕಿದ್ದೀಯಂತೆ" ಎಂದಿತು ಆಕೃತಿ.

ಶಿವರತ್ನಮ್ಮ ಹೇಳಿದರು, "ಬಾ. ಆಕ್ಕಂಡು ತೋರ್ಸು."

ಅಂಗಡಿಯಲ್ಲಿ ಬಾಗಿಲು ಮುಂದೆಮಾಡಿ ತೊಡಿಸಿದರೆ ಹುಕ್ಕು ಬೀಳುತ್ತಿಲ್ಲ! ಎಳೆದರು, ಬಿಗಿದರು, ಊಹೂಂ. ಕೈಗೆ ತಾಗಿದ ಮೈ ಬೆಚ್ಚಗಿತ್ತು. ಶಿವರತ್ನಮ್ಮ ಆ ಹುಡುಗಿಯನ್ನು ತಬ್ಬಿಕೊಂಡು ನಗುತ್ತಲೇ ಅತ್ತುಬಿಟ್ಟರು. "ಸತ್ತೋರು ದಪ್ಪ ಆಗಕ್ಕಿಲ್ಲ ಕಣ್ರಿ ಸಾ!" ಎನ್ನುವಾಗ ಈಗಲೂ ಕಣ್ಣು ತುಂಬುತ್ತದೆ. ದೂರದಲ್ಲೆಲ್ಲೋ ಗಂಡನ ಜೊತೆ ಇರುವ ಹುಡುಗಿಗೆ ಬಸ್ಸಿನಲ್ಲಿ ಯಾರೋ ರವಿಕೆಯ ಸುದ್ದಿ ಹೇಳಿದ್ದರಂತೆ. ಹೊಲಿಗೆ ಬಿಚ್ಚಿ, ಸಡಿಲ ಮಾಡಿಕೊಟ್ಟು, ಮೊದಲ ಬಸ್ಸಿಗೇ ಹತ್ತಿಸಿ ಕಳಿಸಿದರು. ಎಲ್ಲಿದ್ದಾಳೆಂದು ಯಾರು ಕೇಳಿದರೂ ಅವರ ಬಾಯಿಗೆ ಬೀಗ.

ಸುದ್ದಿ ಮಾತ್ರ ಊರೆಲ್ಲ ಹಬ್ಬಿತು. ಒಂದು ವಾರ ಕಳೆದಿರಬೇಕು. ನಸುಕಿನಲ್ಲಿ ನೀರಿಗಿಳಿದ ಶಿವರತ್ನಮ್ಮನಿಗೆ ಬೆನ್ನ ಹಿಂದೆ ಯಾರೋ ಕೆಮ್ಮಿದ್ದು ಕೇಳಿಸಿತು. ವೃಷಭೇಂದ್ರಪ್ಪ. ಹೆಗಲ ಟವೆಲನ್ನು ಮುಷ್ಟಿಯಲ್ಲಿ ಹಿಸುಕುತ್ತ ಏರಿಯ ಮೇಲೆ ನಿಂತಿದ್ದರು. ಇವರ ಮುಖ ನೋಡಲಿಲ್ಲ, ನೀರನ್ನೇ ನೋಡಿದರು.

"ರವ್ಕೆ ಬಿಗಿ ಆಯ್ತಂತೆ?"

"ಊಂ ಕಣಣ್ಣ. ಬಿಚ್ಚಿ ಬುಟ್ಕೊಟ್ಟೆ."

"ಏಟ್ ಬುಟ್ಟೆ?"

ಶಿವರತ್ನಮ್ಮ ಎರಡು ಬೆರಳು ಜೋಡಿಸಿ ಎತ್ತಿ ತೋರಿಸಿದರು. ವೃಷಭೇಂದ್ರಪ್ಪ ಆ ಬೆರಳುಗಳನ್ನೇ ನೋಡುತ್ತ ಏರಿಯ ಕಲ್ಲಿನ ಮೇಲೆ ಕುಸಿದು ಕೂತರು. ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅಂದರು:

"ಅಂಗಾರೆ ಒಟ್ಟೆ ತುಂಬ ಉಣ್ತಾವ್ಳೆ."