ನೆಂಟರಿಗೆ ಲೈಸೆನ್ಸು

ಮನೆಯ ಮೇಲಿನ ಎರಡು ರೂಮುಗಳನ್ನು ಪ್ರವಾಸಿಗರಿಗೆ ದಿನದ ಬಾಡಿಗೆಗೆ ಕೊಡುತ್ತಿದ್ದೀರಿ, ಹೋಂಸ್ಟೇ ಲೈಸೆನ್ಸ್ ಮಾಡಿಸಿಕೊಳ್ಳಿ, ಇಲ್ಲವಾದರೆ ನಿಲ್ಲಿಸಿ ಅಂತ ನೋಟೀಸು ಬಂದಾಗ ನನಗೆ ಹೆದರಿಕೆಯೇನೂ ಆಗಲಿಲ್ಲ. ಸುಸ್ತಾಯಿತು, ಅಷ್ಟೆ. ಐವತ್ತಾರು ವರ್ಷದ ಹೆಂಗಸು, ಎರಡೂ ಮೊಣಕಾಲು ನೋವು, ಇನ್ನು ಯಾವ ಯಾವ ಕಚೇರಿಯ ಮೆಟ್ಟಿಲು ಹತ್ತಬೇಕೋ ಶಿವನೇ ಅಂದುಕೊಂಡು ಬಾಗಿಲಲ್ಲೇ ಕೂತುಬಿಟ್ಟೆ. ನಮ್ಮ ಯಜಮಾನರು ನೋಟೀಸನ್ನು ಓದಿ, ಮಡಚಿ, ನನ್ನ ಕೈಗೇ ಕೊಟ್ಟರು. "ನೀನು ಶುರು ಮಾಡಿದ್ದು, ನೀನೇ ನೋಡ್ಕ" ಅಂದರು. ಮದುವೆಯಾದಾಗಿನಿಂದ ಅವರ ಮಾತು ಇಷ್ಟೇ ಉದ್ದ.

ನಮ್ಮ ಮನೆ ಇರುವುದು ಚಿತ್ರದುರ್ಗದಲ್ಲಿ, ಕೋಟೆಗೆ ಹೋಗುವ ದಾರಿಯಲ್ಲಿ. ಮೇಲಿನ ರೂಮಿನ ಕಿಟಕಿ ತೆಗೆದರೆ ಎದುರಿಗೇ ಬಂಡೆ, ಬಂಡೆಯ ಮೇಲೆ ಕೋಟೆಯ ಗೋಡೆ. ನಮಗೆ ಅದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಬಟ್ಟೆ ಒಣಹಾಕಲು ಮಾಳಿಗೆ ಹತ್ತಿದಾಗ ನೋಡಿದ್ದೇ ನೋಡಿದ್ದು. ಬಂದವರು ಮಾತ್ರ ಕಾಫಿ ಲೋಟ ಹಿಡಿದು ಆ ಕಿಟಕಿಯ ಹತ್ತಿರ ಅರ್ಧ ಗಂಟೆ ನಿಲ್ಲುತ್ತಿದ್ದರು. ಕಾಫಿ ಆರಿ ಹೋಗುತ್ತಿತ್ತು, ನನಗೆ ಸಿಟ್ಟು ಬರುತ್ತಿತ್ತು.

ಸಿಟ್ಟು ಬಂದರೂ ಆ ರೂಮುಗಳು ನನಗೆ ಬೇಕಿದ್ದವು. ಹೊಳಲ್ಕೆರೆಯ ತವರಿನಿಂದ ಒಂದು ಟ್ರಂಕು ಹಿಡಿದುಕೊಂಡು ಈ ಮನೆಗೆ ಬಂದವಳು ನಾನು. ಮೂವತ್ತು ವರ್ಷ ಕಳೆದರೂ ಇಲ್ಲಿ ನನ್ನದು ಅಂತ ಇದ್ದದ್ದು ಆ ಟ್ರಂಕು ಒಂದೇ. ಮೇಲಿನ ರೂಮುಗಳಲ್ಲಿ ಹಳೇ ಮಂಚ, ತೂತು ಬಿದ್ದ ಕೊಡಪಾನ, ಜೋಳದ ಖಾಲಿ ಚೀಲ ತುಂಬಿದ್ದವು. ಅದನ್ನೆಲ್ಲ ಹೊರಗೆ ಹಾಕಿಸಿ, ಸುಣ್ಣ ಹೊಡೆಸಿ, ಪರದೆ ಹೊಲಿದು ಹಾಕಿದವಳು ನಾನೇ. ನನ್ನ ತಂಗಿಯ ಮಗಳು ಮೊಬೈಲಿನಲ್ಲಿ ಫೋಟೋ ಏರಿಸಿ ಕೊಟ್ಟಳು. ಬಂದವರು "ಆಂಟಿ, ನಿಮ್ಮನೆ ಚೆನ್ನಾಗಿದೆ" ಅಂದರೆ ಅದು ನನ್ನ ಮನೆ ಅಂತ ನನಗೂ ಅನ್ನಿಸುತ್ತಿತ್ತು. ಈಗ ಮುಚ್ಚು ಅಂದರೆ ಮತ್ತೆ ಅಡಿಗೆ ಮನೆಯೇ ಗತಿ. ಮುಚ್ಚುವುದಿಲ್ಲ ಅಂತ ಅವತ್ತೇ ಹಟ ತೊಟ್ಟೆ.

ಆದರೆ ಒಂದು ತೊಡಕಿತ್ತು. ಅದು ಯಾವ ಕಚೇರಿಯದೂ ಅಲ್ಲ, ನಾನೇ ಮಾಡಿಕೊಂಡದ್ದು. ಬಂದವರು ದುಡ್ಡು ಕೊಡುತ್ತಾರೆ ಅನ್ನುವುದು ನಮ್ಮ ಅತ್ತೆಗೆ ಗೊತ್ತಿರಲಿಲ್ಲ.

ಅತ್ತೆ ಭರಮಸಾಗರದ ಹೆಣ್ಣುಮಗಳು. ಎಂಬತ್ತು ದಾಟಿದೆ, ಕಣ್ಣು ಕಿವಿ ಎರಡೂ ನನಗಿಂತ ಚುರುಕು. ಮೊದಲ ಸಲ ಒಂದು ಗಂಡ ಹೆಂಡತಿ ಬ್ಯಾಗು ಹಿಡಿದು ಬಂದಾಗ ಕಟ್ಟೆಯ ಮೇಲೆ ಕೂತಿದ್ದ ಅತ್ತೆ ನಮ್ಮ ಕಡೆ ಎಲ್ಲರೂ ಕೇಳುವ ಪ್ರಶ್ನೆಯನ್ನೇ ಕೇಳಿದರು.

"ಯಾರ ಕಡೆಯವ್ರೇ?"

ಬಾಡಿಗೆಯವರು ಅಂತ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಮನೆಯಲ್ಲಿ ಮಲಗಿ ಉಂಡು ಹೋಗುವವರ ಕೈಯಿಂದ ದುಡ್ಡು ತೆಗೆದುಕೊಳ್ಳುವುದು ಅತ್ತೆಯ ಲೆಕ್ಕದಲ್ಲಿ ಅನ್ನ ಮಾರಿಕೊಂಡ ಹಾಗೆ. "ನಮ್ಮ ಹೊಳಲ್ಕೆರೆ ಕಡೆಯವ್ರು" ಅಂದುಬಿಟ್ಟೆ. ಅತ್ತೆಯ ಮುಖ ಅರಳಿತು. "ಬರ್ರಿ, ಬರ್ರಿ, ಕುಂತ್ಕಳ್ರಿ" ಅಂತ ಚಾಪೆ ಹಾಸಿದರು.

ಅಲ್ಲಿಂದ ಶುರುವಾದದ್ದು ನಿಲ್ಲಲೇ ಇಲ್ಲ. ಮುಂದಿನವರು ಹೊಸದುರ್ಗದ ಕಡೆಯವರಾದರು, ಅವರ ನಂತರದವರು ಆದಿವಾಲದಲ್ಲಿರುವ ನಮ್ಮ ದೊಡ್ಡಮ್ಮನ ಕಡೆಯವರು. ಕನ್ನಡವೇ ಬಾರದ ಇಬ್ಬರು ಬಂದಾಗ "ನಿಮ್ಮ ಮಗನ ಜೊತೆ ಕೆಲಸ ಮಾಡ್ತಿದ್ರಲ್ಲ, ಅವರ ಬೀಗರ ಕಡೆಯವ್ರು" ಅಂದೆ. ಅತ್ತೆ ಅದನ್ನೂ ನಂಬಿದರು. ಅವರ ಜೊತೆ ಇಡೀ ಸಂಜೆ ಕೂತು ತಾವು ಕನ್ನಡದಲ್ಲಿ, ಅವರು ತಮ್ಮ ಭಾಷೆಯಲ್ಲಿ ಮಾತಾಡಿಕೊಂಡರು. ಯಾರಿಗೂ ಏನೂ ತೊಂದರೆಯಾದಂತೆ ಕಾಣಲಿಲ್ಲ. ಹೋಗುವಾಗ ಹೆಣ್ಣುಮಕ್ಕಳಿಗೆ ಕುಂಕುಮ ಇಟ್ಟು, ಎಲೆ ಅಡಿಕೆ ಕೊಟ್ಟು, ಶೇಂಗಾ ಚಟ್ನಿಪುಡಿಯ ಒಂದು ಪೊಟ್ಟಣ ಕಟ್ಟಿಕೊಡದೆ ಕಳಿಸಿದವರಲ್ಲ. ಬೀದಿಯವರ ಮುಂದೆ "ನಮ್ಮನೆಗೆ ಬರೋ ಅಷ್ಟು ನೆಂಟ್ರು ಯಾರ ಮನೆಗೆ ಬರ್ತಾರೆ ಹೇಳು" ಅಂತ ಜಂಬ ಕೊಚ್ಚಿಕೊಳ್ಳುತ್ತಿದ್ದರು.

ಬಂದವರ ಹೆಸರು, ಊರು, ಗುರುತಿನ ಚೀಟಿ ಎಲ್ಲ ಬರೆದಿಡಬೇಕು ಅಂತ ತಂಗಿಯ ಮಗಳು ಮೊದಲೇ ಹೇಳಿದ್ದಳು. ಉದ್ದನೆಯ ಪುಸ್ತಕ ತಂದು ಗೆರೆ ಹಾಕಿಕೊಂಡಿದ್ದೆ. ಕೊನೆಯ ಕಾಲಂ "ಬಂದ ಕಾರಣ". ಮಧ್ಯಾಹ್ನ ಅತ್ತೆ ಕನ್ನಡಕ ಹಾಕಿಕೊಂಡು ಪೇಪರ್ ಮುಗಿಸಿ, ಆ ಪುಸ್ತಕವನ್ನೂ ಬೆರಳಿಟ್ಟು ಓದುತ್ತಿದ್ದರು. ಹಾಗಾಗಿ ಆ ಕಾಲಮ್ಮಿನಲ್ಲಿ ಪ್ರತಿ ಸಲವೂ "ನೆಂಟರು" ಅಂತಲೇ ಬರೆದೆ. ಎರಡು ವರ್ಷ, ಪುಟದಿಂದ ಪುಟಕ್ಕೆ, ನೆಂಟರು, ನೆಂಟರು, ನೆಂಟರು. ಬುದ್ಧಿ ಎಲ್ಲಿಗೆ ಹೋಗಿತ್ತೋ ಕಾಣೆ.

ಲೈಸೆನ್ಸಿಗೆ ಓಡಾಡಿದ್ದು ಹೇಳಿ ಪ್ರಯೋಜನವಿಲ್ಲ. ಓಡಾಡಿದವರಿಗೆ ಗೊತ್ತು. ಒಂದು ಕಚೇರಿಗೆ ಹೋದರೆ ಇನ್ನೊಂದರ ಪತ್ರ ಬೇಕು, ಅಲ್ಲಿಗೆ ಹೋದರೆ ಮೊದಲನೆಯದರ ರಸೀತಿ ಬೇಕು. ಠಾಣೆಯ ಒಪ್ಪಿಗೆ, ಅಕ್ಕಪಕ್ಕದವರ ತಕರಾರಿಲ್ಲ ಅನ್ನುವ ಪತ್ರ, ಬೆಂಕಿ ಆರಿಸುವ ಸಿಲಿಂಡರು, ಬಾಗಿಲಿಗೆ ಕ್ಯಾಮೆರಾ. ಕ್ಯಾಮೆರಾ ಹಾಕಿಸಿದ ದಿನ ಅತ್ತೆ "ಕಳ್ರು ಬಂದಿದ್ರಾ?" ಅಂತ ಕೇಳಿದರು. ಹೂಂ ಅಂದೆ. ಇನ್ನೊಂದು ಸುಳ್ಳು ಹೇಳುವಷ್ಟು ಶಕ್ತಿ ಮಾತ್ರ ಉಳಿದಿತ್ತು.

ಮನೆಯ ಖಾತೆ ಅತ್ತೆಯ ಹೆಸರಿನಲ್ಲಿತ್ತು. ಹಾಗಾಗಿ ಅರ್ಜಿಯೂ ಅವರ ಹೆಸರಿನಲ್ಲೇ ಹೋಗಬೇಕಾಯಿತು. ಫಾರಂ ಇಂಗ್ಲಿಷಿನಲ್ಲಿತ್ತು, ಪುಣ್ಯ. "ಮನೆ ಕಂದಾಯದ್ದು ಅತ್ತೆ, ಒಂದು ರುಜು ಹಾಕ್ರಿ" ಅಂದೆ. ಅವರು ಏನೂ ಕೇಳದೆ ಹಾಕಿದರು. ನಿಧಾನಕ್ಕೆ, ಶಾಲೆಯ ಮಕ್ಕಳ ಹಾಗೆ ಒಂದೊಂದೇ ಅಕ್ಷರ. ಆಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆದರೂ ಫಾರಂ ಎತ್ತಿಕೊಂಡು ಹೋದೆ.

ಪರಿಶೀಲನೆಗೆ ಬಂದದ್ದು ಒಬ್ಬ ಹೆಣ್ಣುಮಗಳು, ಕಚೇರಿಯ ಅಧಿಕಾರಿ. ನನ್ನಷ್ಟೇ ದಣಿದಿದ್ದರು. ಬಿಸಿಲಲ್ಲಿ ಬಂದು, ಮೆಟ್ಟಿಲು ಹತ್ತಿ, ಬಚ್ಚಲು ನೋಡಿ, ಸಿಲಿಂಡರು ನೋಡಿ, ಎಲ್ಲ ಸರಿಯಿದೆ ಅಂತ ಗುರುತು ಹಾಕಿಕೊಂಡು ಕೆಳಗೆ ಬಂದರು. ಪಡಸಾಲೆಯಲ್ಲಿ ಅತ್ತೆ ಅವರಿಗೂ ಚಾಪೆ ಹಾಸಿ, ಮಜ್ಜಿಗೆ ಇಟ್ಟಿದ್ದರು. ಅವರು ಒಂದು ಗುಟುಕು ಕುಡಿದು, ಬಂದವರ ಪುಸ್ತಕ ಕೊಡಿ ಅಂದರು. ಕೊಟ್ಟೆ. ಎರಡು ಪುಟ ತಿರುವಿ, ಮತ್ತೆ ಹಿಂದಕ್ಕೆ ಹೋಗಿ, ನನ್ನ ಕಡೆ ನೋಡಿದರು.

"ಏನ್ರಮ್ಮ ಇದು, ಎಲ್ಲಾರ ಮುಂದೂ ನೆಂಟರು ಅಂತ ಬರ್ದೀರಿ? ನೆಂಟರಿಗೆ ಲೈಸೆನ್ಸ್ ಯಾಕ್ರಮ್ಮ?"

ನಾನು ಏನಾದರೂ ಹೇಳುವ ಮೊದಲು ಅತ್ತೆಯೇ ಉತ್ತರ ಕೊಟ್ಟರು. "ಹೂಂ ಕಣಮ್ಮ, ನೆಂಟ್ರೇ. ಇವಳ ತವರಿನ ಕಡೆಯವ್ರು ಬಾಳ ಜನ ಅವರೆ."

"ಅಜ್ಜಿ, ಇವರ ಕೈಲಿ ರೊಕ್ಕ ತಗಂತೀರಾ?"

"ಬಿಡ್ತು ಅನ್ನವ್ವ. ಉಂಡೋರ ಕೈಲಿ ರೊಕ್ಕ ತಗಳೋ ಮನೆ ಅಲ್ಲ ಇದು."

ಅಧಿಕಾರಿ ಪೆನ್ನಿನ ಕ್ಯಾಪ್ ಹಾಕಿದರು. ಜೋರು ಮಾಡಲಿಲ್ಲ. "ನೋಡ್ರಮ್ಮ, ಮನೆ ಇವರ ಹೆಸರಲ್ಲೈತೆ, ಅರ್ಜಿನೂ ಇವರದ್ದೇ. ಇವರು ಹೇಳೋದು ನಿಜ ಅಂದ್ರೆ ಲೈಸೆನ್ಸ್ ಬೇಕಾಗಲ್ಲ. ಅಲ್ಲ ಅಂದ್ರೆ ಮಾಲೀಕರಿಗೇ ಗೊತ್ತಿಲ್ದಂಗೆ ನಡೆಸ್ತಾರೆ ಅಂತ ನಾನು ಬರೀಬೇಕಾಗ್ತದೆ. ಏನ್ ಬರೀಲಿ, ನೀವೇ ಹೇಳ್ರಿ" ಅಂದರು.

ನೆಂಟರು ಅಂತಲೇ ಬರೆಯಿರಿ ಅಂದಿದ್ದರೆ ಅತ್ತೆ ನೆಮ್ಮದಿಯಾಗಿರುತ್ತಿದ್ದರು. ಲೈಸೆನ್ಸಿಲ್ಲದೆ ರೂಮು ಮುಚ್ಚುತ್ತಿತ್ತು, ನಾನು ಪರದೆ ಬಿಚ್ಚಿ ಮಡಚಿಡುತ್ತಿದ್ದೆ. ಅಷ್ಟೇ ಆಗುತ್ತಿದ್ದದ್ದು.  ಮಜ್ಜಿಗೆ ಲೋಟದ ಮೇಲೆ ಒಂದು ನೊಣ ಸುತ್ತುತ್ತಿತ್ತು, ಯಾರೂ ಓಡಿಸಲಿಲ್ಲ.

"ಅತ್ತೆ, ರೊಕ್ಕ ತಗಂತೀನಿ" ಅಂದೆ. "ಎಲ್ಲಾರ ಕೈಲೂ ತಗಂತೀನಿ. ಎರಡು ವರ್ಷದಿಂದ."

ಅತ್ತೆ ನನ್ನ ಮುಖ ನೋಡಲಿಲ್ಲ. ಅಧಿಕಾರಿಯ ತೊಡೆಯ ಮೇಲಿದ್ದ ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡು, ಕನ್ನಡಕ ಹಾಕಿಕೊಂಡರು. ಒಂದು ಹೆಸರಿನ ಮೇಲೆ ಬೆರಳಿಟ್ಟರು.

"ಈಕಿ ಬಸುರಿ ಹುಡುಗಿ. ನಾನು ಕುಪ್ಪಸದ ಕಣ ಕೊಟ್ಟು ಕಳಿಸಿದ್ದೆ. ಈಕೀನೂ ಕೊಟ್ಲಾ?"

"ಕೊಟ್ಲು."

ಇನ್ನೊಂದು ಪುಟ. "ಇವರು ಮಾರಿಕಣಿವೆ ಡ್ಯಾಮು ನೋಡ್ಕಂಡು ಬಂದೋರು. ಕಣ್ಣೀರು ಹಾಕ್ಕಂಡು ಹೋದ್ಲಲ್ಲ ಆಯಮ್ಮ, ನಮ್ಮವ್ವನ ನೆನಪಾತು ಅಂತ. ಅವರೂನಾ?"

"ಅವರೂ."

"ಯಾರ ಕಡೆಯವ್ರೂ ಅಲ್ಲ?"

"ಅಲ್ಲ ಅತ್ತೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಸಿಕೊಂಡು ನನಗೆ ಅಭ್ಯಾಸವಿದೆ. ಅವರು ಪುಸ್ತಕ ಮುಚ್ಚಿ ಅಧಿಕಾರಿಯ ಕೈಗೆ ಕೊಟ್ಟು, "ರುಜು ಎಲ್ಲಿ ಹಾಕ್ಬೇಕವ್ವ?" ಅಂತ ಕೇಳಿದರು. ಹೇಳಿದ ಕಡೆಯೆಲ್ಲ ಹಾಕಿದರು. ಆಮೇಲೆ ಎದ್ದು ತಮ್ಮ ಕೋಣೆಗೆ ಹೋದರು.

ಲೈಸೆನ್ಸು ಬಂತು. ಕಾಣುವ ಜಾಗದಲ್ಲಿ ತೂಗುಹಾಕಬೇಕು ಅನ್ನುವ ನಿಯಮವಿದೆ, ಕಟ್ಟು ಹಾಕಿಸಿ ಪಡಸಾಲೆಯಲ್ಲಿ ಹಾಕಿದೆ. ಅದರ ಮೇಲೆ ಅತ್ತೆಯ ಪೂರ್ತಿ ಹೆಸರಿದೆ. ಅವರು ಅದರ ಕೆಳಗೆ ದಿನಕ್ಕೆ ಹತ್ತು ಸಲ ಓಡಾಡುತ್ತಾರೆ, ತಲೆಯೆತ್ತಿ ಓದಿದ್ದನ್ನು ನಾನು ಕಂಡಿಲ್ಲ. ಉಟ್ಟಿದ್ದು ಉಂಡಿದ್ದು ಯಾವುದೂ ಬದಲಾಗಲಿಲ್ಲ. ನನ್ನ ಜೊತೆ ಮಾತೂ ಬಿಡಲಿಲ್ಲ. ಬಾಗಿಲಲ್ಲಿ ಬ್ಯಾಗು ಹಿಡಿದವರ ಸದ್ದಾದರೆ ಮಾತ್ರ ಮೆಲ್ಲಗೆ ಎದ್ದು ಒಳಗೆ ಹೋಗುತ್ತಿದ್ದರು. ನಾಲ್ಕು ದಿನಕ್ಕೆ ಸರಿಹೋಗುತ್ತಾರೆ ಅಂದುಕೊಂಡೆ. ನಾಲ್ಕು ತಿಂಗಳಾಯಿತು. ಬಂದವರಿಗೆ ನಾನೇ ಕುಂಕುಮ ಇಟ್ಟೆ, ನಾನೇ ಚಟ್ನಿಪುಡಿ ಕಟ್ಟಿಕೊಟ್ಟೆ. ಅವರು ಥ್ಯಾಂಕ್ಸ್ ಹೇಳಿ ಹೋದರು.

ಮೊನ್ನೆ ಒಂದು ಮಧ್ಯಾಹ್ನ ಬಳ್ಳಾರಿಯ ಕಡೆಯಿಂದ ಗಂಡ ಹೆಂಡತಿ ಬಂದರು. ರೂಮನ್ನೂ ನೋಡಲಿಲ್ಲ, ಕಿಟಕಿಯನ್ನೂ ನೋಡಲಿಲ್ಲ. ಆ ಹುಡುಗಿ ಪಡಸಾಲೆಯಲ್ಲೇ ನಿಂತು, "ಅಜ್ಜಿ ಎಲ್ಲಿ ಆಂಟಿ? ಮೊಬೈಲಿನಾಗೆ ಎಲ್ಲಾರೂ ಅವರ ಬಗ್ಗೆನೇ ಬರ್ದಾರೆ. ಅವರನ್ನ ನೋಡ್ಬೇಕು ಅಂತ್ಲೇ ಈ ಮನೆ ಹಿಡಿದ್ವಿ" ಅಂದಳು.

ನನಗೆ ಎಷ್ಟು ಖುಷಿಯಾಯಿತೆಂದರೆ ಮೊಣಕಾಲು ನೋವು ಮರೆತು ಕೋಣೆಗೆ ಓಡಿದೆ. ಅತ್ತೆ ಮಂಚದ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. "ಅತ್ತೆ, ಏಳ್ರಿ, ನಿಮ್ಮನ್ನೇ ನೋಡಾಕೆ ಬಂದಾರೆ. ಸುಳ್ಳಲ್ಲ, ನಿಜವಾಗ್ಲೂ ನಿಮ್ಮನ್ನೇ" ಅಂದೆ.

ಅವರು ತಲೆಯೆತ್ತಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ತರಕಾರಿಯವನ ಹತ್ತಿರ ಬೆಲೆ ಕೇಳುವ ಹಾಗೆ ಕೇಳಿದರು.

"ನನ್ನ ನೋಡಾಕೆ ಎಷ್ಟು ಇಟ್ಟೀಯವ್ವ?"

ಅದಕ್ಕೆ ಬೇರೆ ರೊಕ್ಕ ಏನೂ ಇಟ್ಟಿಲ್ಲ ಅತ್ತೆ ಅನ್ನಲು ಬಾಯಿ ತೆರೆದೆ. ಬೇರೆ ಇಟ್ಟಿರಲಿಲ್ಲ, ನಿಜ. ಎರಡು ವರ್ಷದಿಂದ ಎಲ್ಲರೂ ಕೊಟ್ಟು ಹೋದ ದುಡ್ಡಿನಲ್ಲಿ ಅತ್ತೆಯ ಚಾಪೆ, ಕುಂಕುಮವೂ ಸೇರಿತ್ತು, ಅದೂ ನಿಜ. ಹೊರಗೆ ಬಂದು ಆ ಹುಡುಗಿಗೆ ಅಜ್ಜಿಗೆ ಹುಷಾರಿಲ್ಲ ಅಂತ ಹೇಳಿದೆ.