ಕೆಂಪು ಗೀಟಿನ ಕ್ಯಾಮರಾ

ದಾಂಡೇಲಿಯ ನನ್ನ ಮನೆಯ ಮುಂದಿನ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಇರುವ ಪಾವ್ಲು ಸಿದ್ದಿ ಹಳೆಯ ರೀಲಿನ ಕ್ಯಾಮರಾಗಳನ್ನು ರಿಪೇರಿ ಮಾಡುತ್ತಾನೆ. ರಿಪೇರಿ ಅಂದರೆ ಅವನಿಗೆ ಸಿಟ್ಟು. "ಸುಧಾರಿಸ್ತೇನ್ರಿ ಮಾಸ್ತರ" ಅನ್ನುತ್ತಾನೆ. ಪುಣೆ, ಕೊಚ್ಚಿಯಿಂದ ಕೊರಿಯರಿನಲ್ಲಿ ಪೆಟ್ಟಿಗೆಗಳು ಬರುತ್ತವೆ, ಹೋಗುತ್ತವೆ. ಮನುಷ್ಯರು ಮಾತ್ರ ಬರುವುದಿಲ್ಲ. ದಿನಕ್ಕೆರಡು ಸಲ ನಾನೇ ಚಹಾದ ನೆಪದಲ್ಲಿ ಹೋಗಿ ಅವನ ತಲೆ ತಿನ್ನುತ್ತೇನೆ. ರಿಟೈರಾದ ಮಾಸ್ತರನಿಗೂ ಬೇರೆ ದಿಕ್ಕಿಲ್ಲ ನೋಡಿ.

ಅವನ ಕೈಗೆ ಬರುವುದು ಒಂದೇ ಜಾತಿಯ ಕ್ಯಾಮರಾ. ಕಿಂಡಿಯಲ್ಲಿ ಕಣ್ಣಿಟ್ಟರೆ ಎದುರಿಗಿರುವ ಒಬ್ಬ ಮನುಷ್ಯ ಇಬ್ಬರಾಗಿ ಕಾಣುತ್ತಾನೆ. ಲೆನ್ಸಿನ ಬಳೆ ತಿರುಗಿಸುತ್ತ ಇಬ್ಬರನ್ನೂ ಒಂದರ ಮೇಲೊಂದು ಕೂಡಿಸಬೇಕು. ಪೂರಾ ಕೂಡಿದಾಗ ಗುಂಡಿ ಒತ್ತಿದರೆ ಫೋಟೊ ಸ್ಪಷ್ಟ. ಪಾವ್ಲು ಕಿಂಡಿಯ ಮಸುಕು ಗಾಜು ಬದಲಿಸುತ್ತಾನೆ. ಹಳೆಯ ಸೆಲ್ಲು ಈಗ ಸಿಗುವುದಿಲ್ಲವೆಂದು ಕಿವಿ ಕೇಳುವ ಮಷಿನ್ನಿನ ಸೆಲ್ಲು ಹೊಂದುವಂತೆ ಹಿತ್ತಾಳೆ ಉಂಗುರ ಕೂರಿಸುತ್ತಾನೆ. ಹಿಂಬಾಗಿಲ ಸಂದಿಯಿಂದ ಬೆಳಕು ನುಗ್ಗದಂತೆ ಕರಿ ಬಟ್ಟೆಯ ಎಳೆ ಅಂಟಿಸುತ್ತಾನೆ. ಆ ಬಟ್ಟೆ, ಕುಂಬಾರವಾಡದ ಆಚೆ ಇರುವ ಅವನ ಅಕ್ಕ ಕ್ರಿಸ್ತಿನಾ ಕೌದಿ ಹೊಲಿದು ಉಳಿದ ಚೂರುಗಳನ್ನು ಗಂಟು ಕಟ್ಟಿ ಬಸ್ಸಿನ ಕಂಡಕ್ಟರನ ಕೈಲಿ ಕಳಿಸಿದ್ದು. ಅವನವರು ಅಂತ ಉಳಿದಿರುವುದು ಆಕೆ ಒಬ್ಬಳೇ.

ಅವನಿಗೊಂದು ಹಳೆಯ ಕೊರಗಿದೆ. ಇಪ್ಪತ್ತರ ಹರೆಯದಲ್ಲಿ ಹಳಿಯಾಳದ ಸ್ಟುಡಿಯೊ ಒಂದರಲ್ಲಿ ಕೆಲಸಕ್ಕಿದ್ದಾಗ ಮಾಲಕರ ಕ್ಯಾಮರಾ ಬೇಡಿ ತಂದು ಅವ್ವನ ಫೋಟೊ ತೆಗೆದಿದ್ದ. ಕ್ರಿಸ್‌ಮಸ್ಸಿಗೆಂದು ಸುಣ್ಣ ಬಳಿದ ಗೋಡೆ, ಅದರ ಮುಂದೆ ಅವ್ವ. ಕ್ಯಾಮರಾದ ಬೆಳಕು ಅಳೆಯುವ ಮುಳ್ಳು ಆ ಬಿಳಿ ಗೋಡೆಯನ್ನು ನೋಡಿ, ಬೆಳಕು ಬೇಕಾದಷ್ಟಿದೆ ಎಂದಿತು. ಪಾವ್ಲು ನಂಬಿದ. ಗೋಡೆ ಚೆನ್ನಾಗಿ ಬಂತು, ಸೀರೆಯ ಹೂವೂ ಬಂದವು. ಅವ್ವನ ಮುಖವಿರಬೇಕಾದಲ್ಲಿ ಬರೀ ಕಪ್ಪು. "ಸೀರಿ ಛಲೊ ಬಂದೈತಿ ಬಿಡು" ಎಂದು ಅವ್ವ ನಕ್ಕಳಂತೆ. ಅದರ ಮುಂದಿನ ಮಳೆಗಾಲದಲ್ಲಿ ತೀರಿಕೊಂಡಳು. ಆಕೆಯದು ಬೇರೆ ಫೋಟೊ ಇಲ್ಲ.

ಮುಂದೆ ಸ್ವಂತದ್ದೊಂದು ಕ್ಯಾಮರಾ ಮಾಡಿಕೊಂಡಾಗ ಅದರ ಬೆಳಕು ಹೆಚ್ಚುಕಡಿಮೆ ಮಾಡುವ ತಿರುಗಣೆಯ ಮೇಲೆ, ಕಂಪನಿ ಹಾಕಿದ ಗೀಟುಗಳಾಚೆ, ಕೆಂಪು ಬಣ್ಣದ ಒಂದು ಗೀಟು ಹಾಕಿದ. ಅಲ್ಲಿಗೆ ತಿರುಗಿಸಿದರೆ ಗೋಡೆ ಎಷ್ಟೇ ಬೆಳ್ಳಗಿದ್ದರೂ ಒಳಗೆ ಹೆಚ್ಚು ಬೆಳಕು ಬೀಳುತ್ತದೆ.

"ಇದು ನಮ್ಮ ಸಿದ್ದಿ ಮಂದಿ ಕರಿ ಮುಖದ್ದ್ರಿ" ಎಂದು ತೋರಿಸಿದ. "ಕ್ಯಾಮರಾ ಮಾಡಿದಾವ್ರು ನಮ್ಮನ್ನ ನೋಡಿರ್ಲಿಲ್ಲ."

ಆದರೆ ಅಕ್ಕನ ಫೋಟೊ ತೆಗೆಯಲು ಧೈರ್ಯ ಬರಲಿಲ್ಲ. ಹೋದ ವರ್ಷ ಆಕೆಗೆ ಕೆಮ್ಮು ಜೋರಾಯಿತು ಎಂದು ಸುದ್ದಿ ಬಂದ ಮೇಲೂ ಕ್ಯಾಮರಾ ಒರೆಸುತ್ತ ಕೂತ.

"ಅಕ್ಕನ ಮುಖಾನಾದ್ರೂ ಉಳಿಸ್ಕೋಬೇಕ್ರಿ. ಮತ್ತ ಕರ್ರಗ ಬಂತಂದ್ರ?"

ನನಗೆ ರೇಗಿತು. "ಹುಲಿ ಹಿಡಿಯಾಕ ಹೊಂಟೀಯೇನೊ? ಎದ್ದ ಹೋಗಲೆ!" ಎಂದು ಬೈದು ಬಸ್ಸಿಗೆ ಹತ್ತಿಸಿದೆ.

ಮುಂದಿನದು ಅವನೇ ಹೇಳಿದ್ದು. ಅವರ ಮನೆಮಾತು ಕೊಂಕಣಿ, ನನಗೆ ಹೇಳಿದ್ದು ಕನ್ನಡದಲ್ಲಿ. ಅಕ್ಕನನ್ನು ಮನೆಯ ಮುಂದೆ ಕೂರಿಸಿ, ಕೆಂಪು ಗೀಟಿಗೆ ತಿರುಗಿಸಿ, ರೀಲು ಮುಗಿಸುತ್ತ ಬಂದ. ಕಡೆಗೊಂದು ಉಳಿದಾಗ ಅಕ್ಕ ಕೈ ಚಾಚಿದಳು.

"ತಾ ಇಲ್ಲೆ. ನಿಂದೊಂದು ತೆಗೀತೇನಿ."

"ನಂದ್ಯಾಕ ಅಕ್ಕಾ?"

"ನಿನ್ನ ಮಾರಿ ಯಾರ ತಗದಾರ ಹೇಳು?"

ಅವನು ಬಳೆ ತಿರುಗಿಸುವುದನ್ನು ಕಲಿಸಿ ದೂರ ನಿಂತ. ಆಕೆ ಕಿಂಡಿಗೆ ಕಣ್ಣಿಟ್ಟು ಕೂಗಿದಳು. "ಪಾವ್ಲೂ, ನೀ ಇಬ್ಬರದೀಯೊ!"

"ಬಳಿ ತಿರುವು. ಇಬ್ಬರನ್ನೂ ಕೂಡಸು."

"ಯಾಕ ಕೂಡಸ್ಲಿ? ದಾಂಡೇಲ್ಯಾಗ ಒಬ್ಬಾವನ ಕುಂತಿರ್ತಿ. ಜೋಡಿ ಇರ್ಲಿ" ಅಂದವಳೇ ಗುಂಡಿ ಒತ್ತಿಬಿಟ್ಟಳು.

ರೀಲು ತೊಳೆದ ದಿನ ನನ್ನನ್ನು ಕರೆದ. ಹಣೆಯ ಗೆರೆ, ಗಲ್ಲದ ಮಚ್ಚೆ, ನಗು ತಡೆದ ತುಟಿ, ಅಕ್ಕ ಇಡಿಯಾಗಿ ಬಂದಿದ್ದಳು. ಹಿಂದಿನ ಗೋಡೆ ಮಾತ್ರ ಬೆಳಕಿನಲ್ಲಿ ಅಳಿಸಿಹೋಗಿತ್ತು. ಪಾವ್ಲು ಅತ್ತ. ಸುಳ್ಳು ಯಾಕೆ ಹೇಳಲಿ, ನಾನೂ ಅತ್ತೆ. ಮರುದಿನವೇ ಅದರದೊಂದು ಪ್ರತಿಯನ್ನು ಅಕ್ಕನಿಗೆ ಕೊಟ್ಟುಬಂದ.

ಈಗ ಅವನ ಗೋಡೆಯ ಮೇಲೆ ಮೂರು ಫೋಟೊ. ಮುಖವಿಲ್ಲದ ಅವ್ವ, ಮುಖವಿರುವ ಅಕ್ಕ, ಮೂರನೆಯದು ಬರೀ ಮಬ್ಬು. ಅಂಗಿಯ ಗೆರೆಯಿಂದ ಪಾವ್ಲು ಎಂದು ಗುರುತಿಸಬೇಕು, ಅಷ್ಟೆ. ಕಿಂಡಿಯಲ್ಲಿ ಕಾಣುವ ಜೋಡಿ ಫೋಟೊದಲ್ಲಿ ಮೂಡುವುದಿಲ್ಲ; ಒಬ್ಬನೇ, ಅದೂ ಕಲಸಿಹೋದವನು.

"ಊರ ಮಂದಿ ಕ್ಯಾಮರಾ ಸುಧಾರಿಸಾವ ನೀ" ಎಂದು ಗದರಿದೆ. "ಈ ಹಾಳ ಫೋಟೊ ಯಾಕ ಹಾಕೀದಿ? ತಗಿಯೊ."

ಅವನು ಕೈಯಲ್ಲಿದ್ದ ಲೆನ್ಸನ್ನು ಒರೆಸುತ್ತಲೇ ಇದ್ದ.

"ಫೋಟೊ ಕೊಡಾಕ ಹೋದಾಗ ಅಕ್ಕ ಕೇಳಿದ್ಲ್ರಿ, ಇಬ್ಬರೂ ಬಂದಾರೇನೊ ಅಂತ. ಬಂದಾರ, ಗ್ವಾಡಿಗೆ ಹಾಕೇನಿ ಅಂದೆ. ಹೇಳಿದ ಮ್ಯಾಲ ಹಾಕಬೇಕಲ್ರಿ ಮಾಸ್ತರ."