ಬುತ್ತಿಯ ತಳದ ಬೆಲ್ಲ

ನನ್ನನ್ನು ಟೀಚರ್ ಟ್ರೈನಿಂಗಿಗೆ ಕಳಿಸಿದವರು ನನ್ನ ಗಂಡ. ಇದು ನನ್ನ ಮಾತಲ್ಲ, ಅವರದ್ದು. ಮದುವೆ ಮನೆಯಲ್ಲಾಗಲಿ, ಬಸ್ ಸ್ಟ್ಯಾಂಡಿನಲ್ಲಾಗಲಿ, ಹೆಣ್ಣುಮಕ್ಕಳ ಓದಿನ ಸುದ್ದಿ ಬಂದರೆ ಸಾಕು, ಕುರ್ಚಿಯಲ್ಲಿ ಸ್ವಲ್ಪ ಮುಂದೆ ಸರಿದು ಕೂತು ಹೇಳುತ್ತಾರೆ: "ಇವಳನ್ನು ಟ್ರೈನಿಂಗಿಗೆ ಕಳಿಸಿದವ ನಾನು. ಆ ಕಾಲದಲ್ಲಿ. ಬೇಡ ಹೇಳಿದ್ದೇ ಇಲ್ಲ." ಕೇಳಿದವರು ನನ್ನ ಕಡೆ ತಿರುಗಿ, ಪುಣ್ಯವಂತೆ ಎಂಬಂತೆ ತಲೆಯಾಡಿಸುತ್ತಾರೆ. ಬೇಡ ಎನ್ನಲಿಲ್ಲ, ಅದು ನಿಜ. ಆ ಒಂದು ನಿಜವನ್ನು ಇಷ್ಟು ವರ್ಷ ಕೇಳಿ ಕೇಳಿ ನನ್ನ ಕಿವಿ ಬಿಸಿಯಾಗಿದೆ. ಉಳಿದ ನಿಜವನ್ನು ನಾನು ಬರೆಯುತ್ತೇನೆ.

ಅರುವತ್ತರ ದಶಕದ ಆರಂಭ. ಅವರು ಬೆಳ್ತಂಗಡಿಯ ಒಂದು ಕಚೇರಿಯಲ್ಲಿ ಗುಮಾಸ್ತರು. ಪೇಟೆಯ ಹಿಂದೆ ಎರಡು ಕೋಣೆಯ ಬಾಡಿಗೆ ಮನೆ. ಅತ್ತೆ ನಮ್ಮ ಜನರ ಅಳಿಯಸಂತಾನದ ಕ್ರಮದಂತೆ ಮಗಳ ಜೊತೆ ವಿಟ್ಲದಲ್ಲಿದ್ದರು. ನಮಗೆ ಮದುವೆಯಾಗಿ ಕೆಲವು ವರ್ಷಗಳಾಗಿದ್ದರೂ ಮಕ್ಕಳಾಗಿರಲಿಲ್ಲ. ನಾನು ಎಂಟನೆಯ ತರಗತಿ ಪಾಸಾದವಳು. ಆಗ ಅಷ್ಟಿದ್ದರೆ ಟ್ರೈನಿಂಗಿಗೆ ಸೇರಬಹುದಿತ್ತು. ಮೂಡುಬಿದಿರೆಯಲ್ಲಿ ಹೆಂಗಸರನ್ನು ಸೇರಿಸಿಕೊಳ್ಳುತ್ತಾರೆಂದು ನನ್ನ ದೊಡ್ಡಮ್ಮ ಹೇಳಿಕಳಿಸಿದರು. ಅವರು ಅಮ್ಮನ ಅಕ್ಕ. ಗಂಡ ತೀರಿಕೊಂಡ ಮೇಲೆ ಮೂಡುಬಿದಿರೆಯಲ್ಲಿ ಒಬ್ಬರೇ ಇದ್ದರು, ಅವರ ಮನೆಯಲ್ಲೇ ನಾನು ಉಳಿಯಬಹುದಿತ್ತು. ಮಕ್ಕಳಿಲ್ಲದವಳು, ಮನೆಯಲ್ಲಿ ಕೂತು ಮಾಡುವುದಾದರೂ ಏನು ಎಂದು ನೆಂಟರೂ ಒಪ್ಪಿದರು. ಅವರ ಒಪ್ಪಿಗೆ ಚುಚ್ಚಿದರೂ ನನ್ನ ಕೆಲಸಕ್ಕೆ ಬಂತು.

ಗಂಡನನ್ನು ಕೇಳಿದೆ. ಪೇಪರಿನಿಂದ ತಲೆ ಎತ್ತದೆ, "ಹೋಗು. ನಾನು ಬೇಡ ಹೇಳುವುದಿಲ್ಲ. ನನ್ನ ಊಟದ್ದು ಮಾತ್ರ ಒಂದು ವ್ಯವಸ್ಥೆ ಮಾಡಿ ಹೋಗು" ಎಂದರು. ಮೊದಲ ಮಾತಿನ ಸಂತೋಷದಲ್ಲಿ ಕೊನೆಯ ಮಾತು ಎಷ್ಟು ಭಾರದ್ದೆಂದು ನಾನು ತೂಗಿ ನೋಡಲಿಲ್ಲ.

ಹೋಟೆಲಿನ ಊಟ ಅವರಿಗೆ ಆಗುವುದಿಲ್ಲ. ಅನ್ನಕ್ಕೆ ಸೋಡ ಹಾಕುತ್ತಾರೆ, ಹೊಟ್ಟೆ ಉಬ್ಬುತ್ತದೆ, ಮೀನು ಸಿಗುವುದಿಲ್ಲ. ಅಕ್ಕಿ ಬೇಯಿಸಲು ಮಾತ್ರ ಬರುತ್ತದೆ. ಹಾಗಾಗಿ ಶನಿವಾರ ಮಧ್ಯಾಹ್ನ ತರಗತಿ ಮುಗಿದದ್ದೇ ವೇಣೂರಿನ ಮೇಲಾಗಿ ಬರುವ ಬಸ್ಸು ಹಿಡಿದು ಬೆಳ್ತಂಗಡಿಗೆ ಬರುವುದು, ಭಾನುವಾರ ಇಡೀ ವಾರದ ಅಡಿಗೆ ಮಾಡಿಡುವುದು, ಸೋಮವಾರ ಮೊದಲ ಬಸ್ಸಿಗೆ ವಾಪಸ್. ಆದಿತ್ಯವಾರ ಎಂದರೆ ಲೋಕಕ್ಕೆ ರಜೆ. ನನಗೆ ಅದು ವಾರದ ಏಳೂ ದಿನಗಳ ಕೆಲಸ ಒಟ್ಟಿಗೆ ಬಂದು ಬೀಳುವ ದಿನ.

ಈಗಿನವರು ಮಾಡಿ ಫ್ರೀಜರಿನಲ್ಲಿಟ್ಟು ಬಾಗಿಲು ಹಾಕುತ್ತಾರೆ. ನಮಗೆ ಅಂಥ ಪೆಟ್ಟಿಗೆ ಒಂದು ಉಂಟೆಂದೇ ಗೊತ್ತಿರಲಿಲ್ಲ. ನಮ್ಮ ಬಳಿ ಇದ್ದದ್ದು ಉಪ್ಪು, ಹುಳಿ, ಮೆಣಸು, ಬೆಂಕಿ. ಯಾವುದು ಎಷ್ಟು ದಿನ ತಡೆಯುತ್ತದೆ ಎಂಬ ಲೆಕ್ಕದ ಮೇಲೆ ಮನೆ ನಡೆಯಬೇಕು. ತೆಂಗಿನಕಾಯಿ ಅರೆದು ಹಾಕಿದ್ದು ಮರುದಿನಕ್ಕೇ ಹಳಸುತ್ತದೆ, ಅದು ಸೋಮವಾರ ಮಧ್ಯಾಹ್ನದೊಳಗೆ ಮುಗಿಯಬೇಕು. ಆಮೇಲೆ ಬಂಗುಡೆ ಮೀನಿನ ಪುಳಿಮುಂಚಿ. ಕಾಯಿ ಹಾಕದೆ, ಹುಣಸೆಹುಳಿಯನ್ನೂ ಮೆಣಸನ್ನೂ ಧಾರಾಳ ಹಾಕಿ, ಮಣ್ಣಿನ ಪಾತ್ರೆಯಲ್ಲಿ ಮಾಡಿ, ಬೆಳಿಗ್ಗೆ ಸಂಜೆ ಒಮ್ಮೆ ಕುದಿಸಿದರೆ ಗುರುವಾರದವರೆಗೂ ಇರುತ್ತದೆ. ದಿನ ಹೋದಂತೆ ರುಚಿ ಏರುವ ಪದಾರ್ಥ ಅದು. ಅದರಾಚೆಗೆ, ಮಸಿಯಷ್ಟು ಕಪ್ಪಾಗುವವರೆಗೆ ಬತ್ತಿಸಿದ ಹುರುಳಿ ಸಾರು. ಕೊನೆಯ ದಿನಗಳಿಗೆ ಹುರಿದು ಕುಟ್ಟಿದ ಒಣ ಸಿಗಡಿಯ ಚಟ್ನಿ, ಉಪ್ಪುನೀರಿನ ಮಾವಿನಕಾಯಿ, ಗರಿಗರಿ ಅಕ್ಕಿರೊಟ್ಟಿ. ಎಲ್ಲವನ್ನೂ ಹಲಗೆಯ ಮೇಲೆ ಎಡದಿಂದ ಬಲಕ್ಕೆ, ಹಾಳಾಗುವ ಅನುಕ್ರಮದಲ್ಲಿ ಇಟ್ಟು, "ಎಡದಿಂದ ತಿನ್ನುತ್ತಾ ಬನ್ನಿ. ಒದ್ದೆ ಸೌಟು ಹಾಕಬೇಡಿ. ಎರಡು ಹೊತ್ತು ಕುದಿಸುವುದನ್ನು ಮರೆಯಬೇಡಿ" ಎಂದು ಹೇಳಿ ಹೊರಡುತ್ತಿದ್ದೆ.

"ನೀನು ಗಂಡನಿಗೆ ಅಡಿಗೆ ಮಾಡಿಟ್ಟು ಬರುವುದಾ, ಬರಗಾಲಕ್ಕೆ ಕೂಡಿಟ್ಟು ಬರುವುದಾ?" ಎಂದು ದೊಡ್ಡಮ್ಮ ನಗುತ್ತಿದ್ದರು. ಅವರ ಬಾಯಿ ದೊಡ್ಡದು. ಆದರೆ ನನ್ನ ಕೈಯ ಮೆಣಸಿನ ಉರಿ ತಗ್ಗಲು ತಣ್ಣೀರಿನ ಚೊಂಬು ಮುಂದಿಡುತ್ತಿದ್ದವರೂ ಅವರೇ.

ಆ ಟ್ರೈನಿಂಗು ನನಗೆ ಏನಾಗಿತ್ತು ಎಂದು ಹೇಳಲೇಬೇಕು. ನನ್ನ ಬೋರ್ಡಿನ ಅಕ್ಷರ ಚೆನ್ನಾಗಿತ್ತು. ಅಭ್ಯಾಸಕ್ಕೆಂದು ನಮ್ಮನ್ನು ಚಿಕ್ಕ ಮಕ್ಕಳ ತರಗತಿಗೆ ಬಿಡುತ್ತಿದ್ದರು. ಮೊದಲ ದಿನವೇ ಎರಡು ಜಡೆಯ ಒಂದು ಹುಡುಗಿ ಎದ್ದು ನಿಂತು, "ಟೀಚರ್, ನನಗೆ ಬರ್ತದೆ, ನಾನು ಹೇಳ್ತೇನೆ" ಎಂದಳು. ಅದುವರೆಗೆ ನಾನು ಯಾರದೋ ಮಗಳು, ಯಾರದೋ ಹೆಂಡತಿ, ಮಕ್ಕಳಾಗದವಳು. ಆ ಮಗು ನನಗೆ ಬೇರೆಯೇ ಒಂದು ಹೆಸರು ಕೊಟ್ಟಿತು. ಅದು ನನ್ನದಾಗಿ ಉಳಿಯಬೇಕೆಂಬ ಆಸೆ ನನಗೆ ಹಸಿವಿನ ಹಾಗೆ ಹತ್ತಿತ್ತು.

ಮಳೆಗಾಲ ಕಳೆದ ಮೇಲೆ ಬುತ್ತಿ ಬರಲು ಶುರುವಾಯಿತು. ಒಂದು ಬುಧವಾರ ಸಂಜೆ ಬೆಳ್ತಂಗಡಿ ಬಸ್ಸಿನ ಕಂಡಕ್ಟರ್ ಶಾಲೆಯ ಗೇಟಿನ ಹತ್ತಿರ ನಿಂತು, ಮೂರು ಅಂತಸ್ತಿನ ಹಿತ್ತಾಳೆ ಕ್ಯಾರಿಯರನ್ನು ಎತ್ತಿ ತೋರಿಸಿ, "ಅಕ್ಕ, ನಿಮ್ಮ ಮನೆಯವರು ಕೊಟ್ಟದ್ದು. ಪದಾರ್ಥ ಎಲ್ಲ ಮುಗಿಯಿತಂತೆ. ನಾಳೆ ಬೆಳಿಗ್ಗೆ ತುಂಬಿಸಿ ಕೊಡಬೇಕಂತೆ" ಎಂದ. ಗುರುವಾರದವರೆಗಿನ ಪುಳಿಮುಂಚಿ ಬುಧವಾರಕ್ಕೆ ಮುಗಿದದ್ದು ಹೇಗೆ? ಸ್ನೇಹಿತರು ಊಟಕ್ಕೆ ಬಂದಿದ್ದರಂತೆ. ಕ್ಯಾರಿಯರ್ ತೆರೆದರೆ ಒಣಗಿದ ಸಾರು ಅಂಟಿದ ಹಾಗೆಯೇ ಇತ್ತು. ತೊಳೆದೂ ಇರಲಿಲ್ಲ.

ದೊಡ್ಡಮ್ಮ ಅದನ್ನು ಮೂಸಿ ನೋಡಿ ಕೆಳಗಿಟ್ಟರು. "ಪಾತ್ರೆ ಖಾಲಿ ಕಳಿಸಬಾರದು ಅಂತ ನಿನ್ನ ಗಂಡನಿಗೆ ಯಾರೂ ಹೇಳಿಕೊಟ್ಟಿಲ್ವಾ? ಒಂದು ತುಂಡು ಬೆಲ್ಲ ಆದ್ರೂ ಹಾಕಿ ಕೊಡುವುದು ಬೇಡ್ವಾ ಮಾರಾಯ್ತಿ?" ನಮ್ಮಲ್ಲಿ ನೆರೆಮನೆಯ ಬಟ್ಟಲನ್ನು ಮರಳಿಸುವಾಗಲೂ ಎರಡು ಬಾಳೆಹಣ್ಣನ್ನೋ ಬೆಲ್ಲದ ಚೂರನ್ನೋ ಹಾಕಿ ಕೊಡುತ್ತಾರೆ. ಅಷ್ಟು ಮರ್ಯಾದೆ ನೆರೆಮನೆಗೆ ಉಂಟು. ಹೆಂಡತಿಗೆ ಯಾಕೆ ಎಂದು ಅವರು ಅಂದುಕೊಂಡಿರಬೇಕು.

ಬೆಳಗಾಗುವ ಮೊದಲೇ ಎದ್ದು ದೊಡ್ಡಮ್ಮನ ಒಲೆಯಲ್ಲಿ ಮಾಡಿ ಕಳಿಸಿದೆ. ಅದು ತಪ್ಪಾಯಿತು. ಒಮ್ಮೆ ತುಂಬಿ ಹೋದ ಬುತ್ತಿಗೆ ದಾರಿ ಗೊತ್ತಾಗುತ್ತದೆ. ಮರುವಾರ ಮತ್ತೆ ಬಂತು, ಆಮೇಲೆ ವಾರಕ್ಕೆರಡು ಸಲ. ಗೇಟಿನಲ್ಲಿ ಹಿತ್ತಾಳೆ ಹೊಳೆದರೆ ಸಹಪಾಠಿಗಳು "ನಿನ್ನ ಇನ್ಸ್‌ಪೆಕ್ಟರ್ ಬಂದರು" ಎನ್ನುತ್ತಿದ್ದರು. ನಾನೂ ನಗುತ್ತಿದ್ದೆ. ಬೆಳಗಿನ ತರಗತಿಗೆ ತಡವಾಗಿ, ಮಸಾಲೆಯ ಕೈಯಲ್ಲಿ ಸೀಮೆಸುಣ್ಣ ಹಿಡಿದದ್ದೂ ಉಂಟು. ಒಂದು ಭಾನುವಾರ ಧೈರ್ಯ ಮಾಡಿ, ತಮಾಷೆಯ ಹಾಗೆಯೇ ಗಂಡನಿಗೆ ಹೇಳಿದೆ: "ದೊಡ್ಡಮ್ಮ ಬೈಯುತ್ತಾರೆ. ಕಳಿಸುವುದಾದರೆ ಒಂದು ತುಂಡು ಬೆಲ್ಲವನ್ನಾದರೂ ಹಾಕಿ ಕಳಿಸಿ." ಅವರು ನಕ್ಕು, ಆಗಲಿ ಎಂದರು. ಆಮೇಲೂ ಖಾಲಿಯೇ ಬಂತು.

ವರ್ಷದ ಕೊನೆಗೆ ಮಾದರಿ ಪಾಠ. ಹೊರಗಿನಿಂದ ಪರೀಕ್ಷಕರು ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ, ನಾವು ಮಕ್ಕಳಿಗೆ ಪಾಠ ಮಾಡಬೇಕು. ಅದು ತಪ್ಪಿದರೆ ಸರ್ಟಿಫಿಕೇಟು ಇಲ್ಲ. ನನಗೆ ಬಂದದ್ದು ಭಿನ್ನರಾಶಿ. ರಟ್ಟನ್ನು ದೊಡ್ಡ ರೊಟ್ಟಿಯ ಹಾಗೆ ದುಂಡಗೆ ಕತ್ತರಿಸಿ, ಅರ್ಧ, ಕಾಲು, ಅರೆಕಾಲು ತುಂಡುಗಳನ್ನು ಮಾಡಿ ಬಣ್ಣ ಹಚ್ಚಿದ್ದೆ. ದೊಡ್ಡಮ್ಮನನ್ನು ಎದುರು ಕೂರಿಸಿ ಪಾಠ ಒಪ್ಪಿಸಿದ್ದೆ. ನಾಲ್ಕರಲ್ಲಿ ಒಂದು ದೊಡ್ಡದಾ ಎಂಟರಲ್ಲಿ ಒಂದು ದೊಡ್ಡದಾ ಎಂಬುದು ಜನ್ಮದಲ್ಲಿ ಮೊದಲ ಬಾರಿಗೆ ತಿಳಿಯಿತೆಂದು ಅವರು ಹೇಳಿದರು. ಅದಕ್ಕಿಂತ ದೊಡ್ಡ ಪಾಸು ನನಗೆ ಬೇಕಿರಲಿಲ್ಲ.

ಪಾಠದ ಹಿಂದಿನ ದಿನ ಮಧ್ಯಾಹ್ನ ಕಂಡಕ್ಟರ್ ಕ್ಯಾರಿಯರ್ ಹಿಡಿದು ದೊಡ್ಡಮ್ಮನ ಮನೆಗೇ ಬಂದ. "ಅಕ್ಕ, ಮನೆಯವರಿಗೆ ಮೈ ಸರಿ ಇಲ್ಲವಂತೆ. ನೀವು ಬರಬೇಕಂತೆ."

ಕ್ಯಾರಿಯರ್ ತೆರೆದೆ. ಮೂರೂ ಅಂತಸ್ತು ಹುಳಿ ಹಾಕಿ ಬೆಳಗಿದಂತೆ ಹೊಳೆಯುತ್ತಿತ್ತು. ಕೆಳಗಿನದ್ದರ ತಳದಲ್ಲಿ ಬಾಳೆಲೆಯ ಚೂರಿನಲ್ಲಿ ಸುತ್ತಿದ ಒಂದು ತುಂಡು ಬೆಲ್ಲ.

ನನ್ನ ಎದೆ ಕರಗಿಹೋಯಿತು. ಮೈ ಸರಿ ಇಲ್ಲದಿದ್ದರೂ ನೆನಪಿಟ್ಟು ಹಾಕಿದರಲ್ಲ, ತೊಳೆದರಲ್ಲ ಎಂದು ಅಳುವೇ ಬಂತು. ದೊಡ್ಡಮ್ಮ ಮಾತ್ರ ಬಾಗಿಲಿಗೆ ಅಡ್ಡ ನಿಂತರು. "ಬೆಲ್ಲ ನೋಡಿ ಓಡಬೇಡ ಮಗಾ. ನಾಳೆ ಪಾಠ ಮುಗಿಸಿ ಹೋಗು."

"ಜ್ವರ ಜೋರಿದ್ದರೆ?"

"ಜ್ವರ ಬಂದವರು ಹಿತ್ತಾಳೆ ಬೆಳಗ್ತಾರಾ?"

ನಾನು ಕೇಳಲಿಲ್ಲ. ಮರುದಿನ ಬೆಳಗಿನ ಮೊದಲ ಬಸ್ಸಿಗೆ ಬೆಳ್ತಂಗಡಿಯಿಂದ ಹೊರಟರೆ ಪಾಠದ ಹೊತ್ತಿಗೆ ಬಂದು ಮುಟ್ಟಬಹುದು ಎಂದು ಲೆಕ್ಕ ಹಾಕಿ, ರಟ್ಟಿನ ರೊಟ್ಟಿಯನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬೆಲ್ಲ ನನ್ನ ಮುಷ್ಟಿಯಲ್ಲೇ ಇತ್ತು.

ಮನೆಯ ಮೆಟ್ಟಿಲಲ್ಲಿ ಗಂಡಸರ ಚಪ್ಪಲಿಗಳು. ಒಳಗಿನಿಂದ ನಗು. ಬಂಟ್ವಾಳದಿಂದ ಅವರ ಮೂವರು ಹಳೆಯ ಸ್ನೇಹಿತರು ಬಂದಿದ್ದರು, ಚಾಪೆಯ ಮೇಲೆ ಇಸ್ಪೀಟು ಹರಡಿತ್ತು. ಜಗಲಿಯ ಮೂಲೆಯಲ್ಲಿ ಎಲೆ ಮುಚ್ಚಿದ ಬುಟ್ಟಿಯಲ್ಲಿ ಬಂಗುಡೆ. ಬನಿಯನ್ ಹಾಕಿಕೊಂಡು ಕೂತಿದ್ದ ಗಂಡ ನನ್ನನ್ನು ನೋಡಿ ಸ್ನೇಹಿತರ ಕಡೆ ತಿರುಗಿ, "ಹೇಳಿದೆ ಅಲ್ವಾ, ಸಂಜೆಯ ಬಸ್ಸಿಗೆ ಬರ್ತಾಳೆ ಅಂತ" ಎಂದರು. ಆಮೇಲೆ ನನಗೆ: "ಒಳ್ಳೆಯದಾಯ್ತು ಬಂದದ್ದು. ಇವರಿಗೆ ನಿನ್ನ ಪುಳಿಮುಂಚಿಯೇ ಬೇಕಂತೆ."

"ಮೈ ಸರಿ ಇಲ್ಲ ಅಂತ ಹೇಳಿದರಲ್ಲ?"

"ನಾಲ್ಕು ದಿನದಿಂದ ನಾಲಗೆಗೆ ರುಚಿಯೇ ಇಲ್ಲ, ಮಾರಾಯ್ತಿ."

ಎಲ್ಲರೂ ನಕ್ಕರು. ಅವರಲ್ಲಿ ಸ್ವಲ್ಪ ಮೆತ್ತಗಿನ ಒಬ್ಬರು ನನ್ನ ಮುಖ ನೋಡಿ ಏನೋ ಸಮಾಧಾನ ಹೇಳಬೇಕೆಂದುಕೊಂಡಿರಬೇಕು. "ಬೆಲ್ಲ ಸಿಕ್ಕಿತಾ ಅತ್ತಿಗೆ? ಇವ ಹಾಗೆಯೇ ಖಾಲಿ ಕಳಿಸ್ಲಿಕ್ಕೆ ಹೊರಟಿದ್ದ. ನಾನೇ ತೊಳೆದು ಒಂದು ತುಂಡು ಹಾಕಿದೆ. ಖಾಲಿ ಪಾತ್ರೆ ಕಳಿಸಬಾರದಲ್ಲ."

ಆ ಮನುಷ್ಯನ ಮೇಲೆ ನನಗೆ ಇಂದಿಗೂ ಸಿಟ್ಟಿಲ್ಲ. ಅವರ ಮನೆಯಲ್ಲಿ ಯಾರೋ ಅವರನ್ನು ಸರಿಯಾಗಿ ಬೆಳೆಸಿದ್ದರು. ಆದರೆ ನನ್ನ ಸಂಸಾರದಲ್ಲಿ ನನಗೆ ಸಿಕ್ಕಿದ ಒಂದೇ ಒಂದು ತುಂಡು ಸಿಹಿ ಕೂಡ ಪರರ ಕೈಯದ್ದೆಂದು ಗೊತ್ತಾದಾಗ ಆದ ಅವಮಾನ ಇದೆಯಲ್ಲ, ಅದನ್ನು ನುಂಗಿದೆ, ಅರಗಿಸಿಕೊಂಡಿಲ್ಲ. ಬೆವರಿಗೆ ಕರಗಿ ಅಂಟಂಟಾಗಿದ್ದ ಬೆಲ್ಲವನ್ನು ಹಿತ್ತಲಿಗೆ ಎಸೆದು ಕೈ ತೊಳೆದು ಒಲೆ ಹಚ್ಚಿದೆ.

ಬಡಿಸುವಾಗ ಹೇಳಿದೆ: "ನಾಳೆ ನನ್ನ ಮಾದರಿ ಪಾಠ ಉಂಟು. ಮೊದಲ ಬಸ್ಸಿಗೆ ಹೋಗಬೇಕು."

"ಹೋಗು. ನಾನು ಬೇಡ ಹೇಳ್ತೇನಾ?" ಎಂದರು. "ಇವರಿಗೊಂದು ತಿಂಡಿ ಮಾಡಿಟ್ಟು ಹೋಗು. ನೀರುದೋಸೆ ಸಾಕು."

ನೀರುದೋಸೆ ಮಾಡಿಡುವ ತಿಂಡಿಯಲ್ಲ. ನಮ್ಮ ಊರಿನ ಮಗುವಿಗೂ ಇದು ಗೊತ್ತು. ಕಾವಲಿಯಿಂದ ತೆಗೆದ ಹಾಗೆ ಬಿಸಿಬಿಸಿ ಎಲೆಗೆ ಬೀಳಬೇಕು, ಒಂದಾದ ಮೇಲೆ ಒಂದು. ಕಾಗದದಷ್ಟು ತೆಳ್ಳಗಿನದ್ದು, ಎಷ್ಟು ತಿಂದರೂ ತಿಂದಂತೆ ಆಗುವುದಿಲ್ಲ. ವಾರದ ಏಳೂ ದಿನಕ್ಕೆ ಮುಂಚಿತವಾಗಿ ಅಡಿಗೆ ಮಾಡಿಡಲು ಕಲಿತ ನನಗೆ ಆ ಒಂದು ಬೆಳಗಿನದ್ದನ್ನು ಮಾಡಿಡಲು ದಾರಿಯಿರಲಿಲ್ಲ. ನಸುಕಿನಲ್ಲೇ ಎದ್ದು ಒಂದಿಷ್ಟು ಹೊಯ್ದು ಮಡಚಿ ಮುಚ್ಚಿಟ್ಟು ಸೀರೆ ಬದಲಾಯಿಸಿದೆ. ಗಂಡ ಸ್ನೇಹಿತರ ಜೊತೆ ಎಲೆಯ ಮುಂದೆ ಕೂತು ಒಂದನ್ನು ಮುರಿದು ನೋಡಿ, "ತಣ್ಣಗಾಗಿದೆ. ಅತಿಥಿಗಳಿಗೆ ತಣ್ಣಗಿನದ್ದು ಹಾಕುವುದಾ? ಎರಡನೇ ಬಸ್ಸು ಉಂಟಲ್ಲ" ಎಂದರು. ಧ್ವನಿ ಏರಿಸಲಿಲ್ಲ. ಅವರು ಯಾವತ್ತೂ ಏರಿಸಿದವರಲ್ಲ.

ಯಾಕೆ ಎದ್ದು ಹೋಗಲಿಲ್ಲ ಎಂದು ಈಗಿನ ಹುಡುಗಿಯರು ಕೇಳಬಹುದು. ಎಲೆಯ ಮುಂದೆ ಕೂತ ನೆಂಟರನ್ನು ಬಿಟ್ಟು ಹೋದ ಹೆಂಗಸೆಂದರೆ ಬೈಗುಳ ಬೀಳುವುದು ಅವಳನ್ನು ಹೆತ್ತವಳಿಗೆ. ಅದನ್ನು ಅವರು ನನಗಿಂತ ಚೆನ್ನಾಗಿ ತಿಳಿದಿದ್ದರು. ನಾನು ಸೀರೆಯ ಸೆರಗು ಸಿಕ್ಕಿಸಿ ಮತ್ತೆ ಕಾವಲಿಗೆ ಹಿಟ್ಟು ಹೊಯ್ದೆ. ಮೊದಲ ಬಸ್ಸಿನ ಹಾರ್ನು ಪೇಟೆಯಿಂದ ಕೇಳಿಸಿತು, ಆಮೇಲೆ ಗುರುವಾಯನಕೆರೆಯ ದಿಕ್ಕಿನಲ್ಲಿ ಸಣ್ಣದಾಗುತ್ತಾ ಹೋಯಿತು. ಒಳಗಿನಿಂದ "ಇನ್ನೊಂದು ಹಾಕು" ಎಂದರು.

ಊಟಕ್ಕಿಲ್ಲದ ಉಪ್ಪಿನಕಾಯಿಯ ಹಾಗೆ ಎರಡನೆಯ ಬಸ್ಸು ಬಂತು. ನಾನು ಶಾಲೆ ಮುಟ್ಟುವಾಗ ಪರೀಕ್ಷಕರು ಹೊರಟುಹೋಗಿದ್ದರು. ದೊಡ್ಡಮ್ಮ ನನ್ನ ರಟ್ಟಿನ ರೊಟ್ಟಿಯನ್ನು ಎದೆಗೆ ಹಿಡಿದುಕೊಂಡು ವರಾಂಡದಲ್ಲಿ ನಿಂತಿದ್ದರು. ಬೆಳಗಿನಿಂದಲೂ ನಿಂತಿದ್ದರಂತೆ. ಹೆಡ್‌ಮಿಸ್ಟ್ರೆಸ್ ಒಳ್ಳೆಯವರು. ಮುಂದಿನ ವರ್ಷ ಬಂದು ಪಾಠ ಒಂದನ್ನು ಕೊಟ್ಟರೆ ಸಾಕು ಎಂದರು. ಮುಂದಿನ ವರ್ಷದ ಹೊತ್ತಿಗೆ ನಾನು ಬಸುರಿ, ಆಮೇಲೆ ಬಾಣಂತಿ, ಮತ್ತೆ ಬಸುರಿ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನನ್ನನ್ನು ಆ ಶಾಲೆಯಿಂದ ಎಳೆದು ತೆಗೆದಾಗಿತ್ತು. ರಟ್ಟಿನ ದುಂಡು ಬಹಳ ಕಾಲ ಉಪ್ಪಿನ ಭರಣಿಗೆ ಮುಚ್ಚಳವಾಗಿತ್ತು.

ಮೊನ್ನೆ ಮಗಳ ಗಂಡನ ಕಡೆಯವರು ಊಟಕ್ಕೆ ಬಂದಿದ್ದರು. ಮಾತು ಹೇಗೋ ಅಲ್ಲಿಗೇ ಬಂತು. ಇವರು ಎಲೆಯ ಮುಂದೆ ಬೆನ್ನು ನೆಟ್ಟಗೆ ಮಾಡಿ ಶುರುಮಾಡಿದರು. "ಇವಳನ್ನು ಟ್ರೈನಿಂಗಿಗೆ ಕಳಿಸಿದವ ನಾನು. ಕೇಳಿ ಬೇಕಾದರೆ, ನಾನು ಬೇಡ ಹೇಳಿದ್ದುಂಟಾ?"

"ಇಲ್ಲ" ಎಂದೆ. ನನ್ನ ಕೈಯಲ್ಲಿ ಪುಳಿಮುಂಚಿಯ ಪಾತ್ರೆ ಇತ್ತು.

ಬಂದವರಲ್ಲಿ ಒಬ್ಬ ಹೆಂಗಸು ಪಾಪ, ಸುಮ್ಮನೆ ಕೇಳಿದರು: "ಮತ್ತೆ ನೀವು ಯಾಕೆ ಬಿಟ್ಟದ್ದು?"

"ಇವರಿಗೆ ಹಸಿವಾಯಿತು" ಎಂದೆ.

ತಮಾಷೆ ಎಂದುಕೊಂಡು ಎಲ್ಲರೂ ನಕ್ಕರು. ಇವರು ಎಲ್ಲರಿಗಿಂತ ಜೋರಾಗಿ ನಕ್ಕರು. ನಕ್ಕು ಮುಗಿದ ಮೇಲೆ ಎಲೆಯನ್ನು ಸ್ವಲ್ಪ ಮುಂದೆ ಸರಿಸಿ ಇನ್ನೊಂದು ತುಂಡು ಕೇಳಿದರು. ಬಡಿಸಿದೆ.